ಇರುವೆ ಕಚ್ಚಿದ ಹಾಗೆ

ರಾತ್ರಿ ಪಾಳಿ. ಹಾಸನದ ದೊಡ್ಡಾಸ್ಪತ್ರೆ, ಮಕ್ಕಳ ವಾರ್ಡು.
ಮೂವತ್ತೆರಡು ಮಂಚ, ಮೂವತ್ತೊಂಬತ್ತು ಮಕ್ಕಳು, ನಾನು,
ಮೂರು ತಿಂಗಳಿಂದ ಸಂಬಳ ಕಾಣದ ಗುತ್ತಿಗೆಯ ಶಮೀನಾ,
ಮತ್ತೆ, ಮೊನ್ನೆ ಸೋಮವಾರದಿಂದ, ಅದು.

ಸೊಂಟದೆತ್ತರ, ಬಿಳಿ ಮೈ, ಮುಖದ ಜಾಗದಲ್ಲಿ ಪರದೆ,
ಪರದೆಯಲ್ಲಿ ಎರಡು ನೀಲಿ ಕಣ್ಣು.
ಕಂಪನಿಯವರು ಇಟ್ಟ ಹೆಸರು ಸ್ನೇಹಿ.
ಆಯಾ ನಿಂಗಾಜಮ್ಮ ಒಂದೇ ಸಲ ನೋಡಿ
ಗುಂಡಪ್ಪ ಅಂದಳು. ಅದೇ ನಿಂತಿತು.

ಮೇಜಿನ ಮೇಲೆ ನನಗೊಂದು ಫಾರಂ: ದಾದಿಯರ ಮನೋಭಾವ.
ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಗೊತ್ತಿಲ್ಲ;
ಒಂದಕ್ಕೆ ಸುತ್ತು ಹಾಕಬೇಕಂತೆ.
ಇಪ್ಪತ್ತೊಂದು ವರ್ಷದಲ್ಲಿ ಯಾರೂ ನನ್ನ ಮನೋಭಾವ ಕೇಳಿರಲಿಲ್ಲ.
ಕೇಳಿದ ಸಂಕೋಚಕ್ಕೇ ಪೆನ್ನು ಹಿಡಿದು ಸುಮ್ಮನೆ ಕೂತೆ.

ಬರೆಯಲೇ?
ಇಡೀ ವಾರ್ಡಿನಲ್ಲಿ ಸರಿಯಿರುವ ಪ್ಲಗ್ಗು ಎರಡು,
ಒಂದು ಗುಂಡಪ್ಪನ ಊಟಕ್ಕೆ ಹೋಯಿತು.
ನೆಬುಲೈಸರ್ ಹಾಕಲು ಅವನದನ್ನು ಕಿತ್ತರೆ
'ಧನ್ಯವಾದಗಳು' ಅನ್ನುತ್ತಾನೆ.
ಗೊರೂರಿನ ಹುಡುಗ 'ವಟ್ಟೆ ನೊಯ್ತದೆ' ಅಂದ.
'ಕ್ಷಮಿಸಿ, ಇನ್ನೊಮ್ಮೆ ಹೇಳುವಿರಾ?'
ಹುಡುಗ ಇನ್ನೊಮ್ಮೆ ಹೇಳಿದ, ಮತ್ತೊಮ್ಮೆ,
ಕೊನೆಗೆ ಎದ್ದು ಕೂತು, ದಡ್ಡನಿಗೆ ಕಲಿಸುವ ಮೇಷ್ಟ್ರ ಹಾಗೆ, 'ವ... ಟ್ಟೆ.'
ನೋವು ಎಲ್ಲಿ ಹೋಗಿತ್ತೋ.
ಇದಕ್ಕೆ ಯಾವ ಸುತ್ತು?

ಶಮೀನಾಗೆ ಸಿಟ್ಟು. ಇದರ ಬೆಲೆಗೆ
ಎಷ್ಟು ಜನ ಸಿಸ್ಟರು, ಎಷ್ಟು ವರ್ಷ ಅಂತ
ಮೊಬೈಲಿನಲ್ಲಿ ಲೆಕ್ಕ ಮಾಡಿ ತೋರಿಸಿದಳು.
ಲೆಕ್ಕ ಸರಿಯಾಗಿತ್ತು.

ಬಡವರ ಊಟಿ ಅಂತಾರಲ್ಲ ಈ ಊರನ್ನ,
ಡಿಸೆಂಬರಿನಲ್ಲಿ ಮಕ್ಕಳ ಕೈ ಹಿಡಿದವರಿಗೆ ಗೊತ್ತು ಅದರ ಅರ್ಥ.
ಚಳಿಗೆ ನರ ಒಳಗೊಳಗೇ ಅಡಗುತ್ತದೆ,
ಅಂಗೈಯಡಿ ಟಾರ್ಚು ಹಿಡಿದರೂ ಬರೀ ಕೆಂಪು ಮಂಜು, ದಾರಿಯಿಲ್ಲ.
ಹಂಸಿಕಾ, ಏಳು ವರ್ಷ, ನ್ಯುಮೋನಿಯಾ.
ತಮ್ಮ ಹುಟ್ಟಿ ಎರಡು ದಿನ, ಅಮ್ಮ ಹೆರಿಗೆ ವಾರ್ಡಿನಲ್ಲಿ,
ಅಪ್ಪ ಎರಡು ಮಹಡಿಗಳ ನಡುವೆ ಮೆಟ್ಟಿಲ ಮೇಲೆ.
ಎರಡು ಸಲ ಚುಚ್ಚಿ ತಪ್ಪಿದ್ದೆ. ಮೂರನೆಯದಕ್ಕೆ ಹೋದಾಗ
ಹೊದಿಕೆಯೊಳಗಿಂದ ಗುಂಡಪ್ಪನಿಗೆ ಏನೋ ಪಿಸುಮಾತು.
ಅವನು ನನ್ನತ್ತ ತಿರುಗಿದ:
'ತಾನು ನಿದ್ದೆ ಮಾಡುತ್ತಿರುವುದಾಗಿ ಹೇಳಬೇಕೆಂದು
ಹಂಸಿಕಾ ನನಗೆ ಹೇಳಿದ್ದಾಳೆ.'

ಹೊದಿಕೆ ನಕ್ಕಿತು. ನಾನೂ.

ಚಾರ್ಜಿಗಿಟ್ಟಾಗ ಅವನ ಹೊಟ್ಟೆ ಬಿಸಿಯಾಗುತ್ತದೆ.
ಕಂಪನಿಯ ಹುಡುಗ ಅದನ್ನು ದೋಷ ಅಂತ ಬರೆದುಕೊಂಡು ಹೋಗಿದ್ದ.
ಸಿಕ್ಕಿಬಿದ್ದವಳು ಹೊರಗೆ ಬಂದು ಎರಡೂ ಕೈ ಅಲ್ಲಿಟ್ಟಳು,
ನೀರೊಲೆಯ ಮುಂದೆ ಕೂತ ಹಾಗೆ.
ಕಾದೆ. ಐದು ನಿಮಿಷ.
ಮೂವತ್ತೊಂಬತ್ತು ಮಕ್ಕಳಿರುವಾಗ ಐದು ನಿಮಿಷ ಅಂದರೆ ಆಸ್ತಿ.
ಎಡಗೈ ಬೆನ್ನಿನ ಮೇಲೆ ನರ ಎದ್ದಿತು, ಒಂದೆಳೆ ಹಸಿರು ದಾರ.

'ಇರುವೆ ಕಚ್ಚಿದ ಹಾಗೆ, ಅಷ್ಟೆ' ಅಂದೆ.
ಇಪ್ಪತ್ತೊಂದು ವರ್ಷದ ಸುಳ್ಳು.
ಗುಂಡಪ್ಪ ಅಂದ: 'ಸ್ವಲ್ಪ ನೋವಾಗುತ್ತದೆ. ನಾನು ಇಲ್ಲೇ ಇರುತ್ತೇನೆ.'
ಅವನದು ನಿಜ. ಅವನಿಗೆ ಬೇರೆಲ್ಲೂ ಕೆಲಸವಿಲ್ಲ.
ನನಗೆ ಹನ್ನೊಂದನೇ ಮಂಚದಲ್ಲಿ ಫಿಟ್ಸು ಬಂದ ಮಗು.
ಇಲ್ಲೇ ಇರುತ್ತೇನೆ ಅಂತ
ನಾನು ಯಾವ ಮಗುವಿಗೆ ಕೊನೆಯ ಸಲ ಹೇಳಿದ್ದು?
ಹನ್ನೊಂದರತ್ತ ಓಡುವಾಗ ಹೊಳೆದ ಪ್ರಶ್ನೆ,
ಫಾರಂನಲ್ಲಿ ಇಲ್ಲ.

ನಾಲ್ಕು ಗಂಟೆಗೆ ಜ್ವರ ನೋಡಲು ಬಂದೆ.
ಶಮೀನಾ, ಯಾರೂ ನೋಡುತ್ತಿಲ್ಲವೆಂದುಕೊಂಡು,
ಅವನ ಪರದೆಯನ್ನು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು.
ಕಂಡೂ ಕಾಣದವಳಂತೆ ದಾಟಿದೆ.

ಹಂಸಿಕಾಗೆ ಎಚ್ಚರ. ನನ್ನ ಟ್ರೇಯಿಂದ ಕದ್ದ ಪ್ಲಾಸ್ಟರನ್ನು
ಅವನ ಬಿಳಿ ಕೈಗೆ ಅಂಟಿಸುತ್ತಾ,
ಗದರಿಕೆ ಅರ್ಧ, ಮುದ್ದು ಅರ್ಧ,
ತದ್ವತ್ ನನ್ನದೇ ದನಿಯಲ್ಲಿ:
'ಅಳಬಾರ್ದು ಕಣೋ. ಇರುವೆ ಕಚ್ದಂಗೆ, ಅಷ್ಟೆ.'

ನೀಲಿ ಕಣ್ಣು ಮಿಟುಕಿತು.
'ಕ್ಷಮಿಸಿ, ಇನ್ನೊಮ್ಮೆ ಹೇಳುವಿರಾ?'